ನಾಲ್ಕು ಬೋರು, ಒಂದು ಫಾರಂ

ನಮ್ಮ ಮೂರೂವರೆ ಎಕರೆಯಲ್ಲಿ ನಾಲ್ಕು ಬೋರ್‌ವೆಲ್ ಇವೆ. ನೀರಿರುವುದು ಒಂದರಲ್ಲಿ ಮಾತ್ರ. ಅದೂ ಮೋಟರ್ ಹಾಕಿ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಗಾಳಿ ಕಕ್ಕಲು ಶುರು ಮಾಡುತ್ತದೆ. ನಾಲ್ಕಕ್ಕೂ ಸೇರಿ ಎಷ್ಟು ಖರ್ಚಾಯಿತು ಎಂದು ಕೇಳಿದರೆ ಅಮ್ಮ ನಿದ್ದೆಯಿಂದ ಎಬ್ಬಿಸಿದರೂ ಹೇಳುತ್ತಾಳೆ: 6,40,000 ರೂಪಾಯಿ. ಡೈರಿ ಪಾಸ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಾಳೆ. ಅಡಿ ಎಷ್ಟು, ಕೇಸಿಂಗ್ ಪೈಪ್ ಎಷ್ಟು, ಕೇಬಲ್ ಎಷ್ಟು, ಲಾರಿಯವರ ಊಟಕ್ಕೆ ತಂದ ಕೋಳಿ ಎಷ್ಟು, ಪಾಯಿಂಟ್ ನೋಡಿದವರಿಗೆ ಎಲೆ ಅಡಿಕೆ ಜೊತೆ ಇಟ್ಟ ದುಡ್ಡು ಎಷ್ಟು.

ಅದೇ ಮನೆಯ ಟ್ರಂಕಿನಲ್ಲಿ, ಪಹಣಿ, ರೇಷನ್ ಕಾರ್ಡು, ನಮ್ಮ ಮಾರ್ಕ್ಸ್ ಕಾರ್ಡುಗಳ ಅಡಿಯಲ್ಲಿ ಒಂದು ಫಾರಂ ಇದೆ. 2015ರದ್ದು. ಕೃಷಿ ಹೊಂಡಕ್ಕೆ ಹಾಕಬೇಕಿದ್ದ ಅರ್ಜಿ. ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬ್ಯಾಂಕ್ ಖಾತೆ, ಎಲ್ಲ ನೀಲಿ ಪೆನ್ನಿನಲ್ಲಿ ತುಂಬಿದೆ. ಸಹಿ ಹಾಕುವ ಜಾಗ ಖಾಲಿ. ಇದರಿಂದ ನಮಗೆ ಎಷ್ಟು ನಷ್ಟವಾಯಿತು ಎಂಬುದು ಅಮ್ಮನ ಪಾಸ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ.

ನಾವು ಎಂದರೆ ಅಣ್ಣ ತಂಗಿ, ಇಬ್ಬರು. ಬರೆದದ್ದು ಒಬ್ಬಳೇ ಆದರೂ ಮಾತು ಇಬ್ಬರದೂ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಓದಿ, ಇದು ಹಾಗಲ್ಲ ಹೀಗೆ ಎಂದು ಮೂರು ಸಲ ಜಗಳವಾಡಿದ ಮೇಲೆ ಉಳಿದದ್ದು ಇಷ್ಟು. ಊರು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕು. ತೆಂಗು, ಒಂದಿಷ್ಟು ರಾಗಿ, ಎರಡು ಸೀಮೆ ಹಸು.

ಮೊದಲ ಬೋರು 2012ರಲ್ಲಿ ಕೊರೆಸಿದ್ದು, 620 ಅಡಿ. ಒಂದೂವರೆ ಇಂಚು ನೀರು ಬಂತು. ಎರಡು ವರ್ಷ ತೋಟ ಹಸಿರಾಗಿತ್ತು. ಆಮೇಲೆ ಬರ. ನೀರು ಒಂದಿಂಚಾಯಿತು, ಅರ್ಧ ಇಂಚಾಯಿತು, ಒಂದು ದಿನ ಬೆಳಿಗ್ಗೆ ಪೈಪಿನ ಬಾಯಿಗೆ ಕಿವಿ ಇಟ್ಟರೆ ಸೊಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. 2014ರಲ್ಲಿ ಎರಡನೆಯದು, 780 ಅಡಿ. ಬರೀ ಧೂಳು.

ಬೋರ್ ಲಾರಿ ಬರುವ ರಾತ್ರಿ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ವಿವರಿಸಬೇಕಿಲ್ಲ. ಆದರೂ ಹೇಳಬೇಕು ಅನ್ನಿಸುತ್ತದೆ, ಏಕೆಂದರೆ ಆ ರಾತ್ರಿಯ ಮತ್ತು ಹಿಡಿದವರು ಯಾರೂ ಬೇರೆ ದಾರಿ ಯೋಚಿಸುವುದಿಲ್ಲ. ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು, ಜೊತೆಗೆ ಕಂಪ್ರೆಸರ್ ಗಾಡಿ. ನಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ. ಊರಿನ ಅರ್ಧ ಜನ ಬದುವಿನ ಮೇಲೆ. ಮೊದಲ 300 ಅಡಿಗೆ ಒಂದು ರೇಟು, ಅಲ್ಲಿಂದ ಮುಂದೆ ಪ್ರತಿ 100 ಅಡಿಗೆ ರೇಟು ಏರುತ್ತದೆ. 500 ಅಡಿಯಲ್ಲಿ ಲಾರಿಯವನು ಎಂಜಿನ್ ಸದ್ದು ಇಳಿಸಿ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಸುತ್ತ ನಿಂತವರ ಮುಖ ನೋಡುತ್ತಾನೆ. ಯಾರೋ ಒಬ್ಬರು, "ಇನ್ನೊಂದು ನೂರು ನೋಡ್ಬಿಡು, ಇಷ್ಟು ಹೋಗಿದೀಯ" ಅನ್ನುತ್ತಾರೆ. ನಿಲ್ಲಿಸು ಎಂದು ಹೇಳಿದವರನ್ನು ನಾವು ಇವತ್ತಿನವರೆಗೆ ನೋಡಿಲ್ಲ. ನಾವೂ ಹೇಳಲಿಲ್ಲ.

2015ಕ್ಕೆ ಬರೋಣ. ಆ ವರ್ಷ ನಮ್ಮ ಮನೆ ಬಾಗಿಲಿಗೆ ಎರಡು ಅವಕಾಶಗಳು ತಾವಾಗಿಯೇ ನಡೆದುಕೊಂಡು ಬಂದವು.

ಒಂದು, ಕೃಷಿ ಭಾಗ್ಯ. ಸರ್ಕಾರ ಹಿಂದಿನ ವರ್ಷವಷ್ಟೇ ಶುರು ಮಾಡಿದ್ದ ಯೋಜನೆ. ಮಳೆ ಆಶ್ರಯದ ಹೊಲದಲ್ಲಿ ಹೊಂಡ, ಅದಕ್ಕೆ ಪ್ಲಾಸ್ಟಿಕ್ ಹಾಳೆ, ನೀರೆತ್ತಲು ಪಂಪು, ಹನಿ ನೀರಾವರಿ. ಖರ್ಚಿನ ಹೆಚ್ಚಿನ ಪಾಲು ಸರ್ಕಾರದ್ದೇ. ರೈತ ಸಂಪರ್ಕ ಕೇಂದ್ರದವರೊಬ್ಬರು ನಮ್ಮ ಊರಿಗೇ ಬಂದು ಅರಳಿಕಟ್ಟೆ ಮೇಲೆ ಕೂತು ಹೇಳಿದರು, ಫಾರಂ ಕೊಟ್ಟು ಹೋದರು. ಆಗ ನಮ್ಮಲ್ಲಿ ಚಿಕ್ಕವಳು ಡಿಗ್ರಿ ಮೊದಲ ವರ್ಷ. ಆ ರಾತ್ರಿಯೇ ಕೂತು ಫಾರಂ ತುಂಬಿದಳು. ದೊಡ್ಡವನು ಪಹಣಿ ಹುಡುಕಿ ಕೊಟ್ಟ.

ಅಪ್ಪ ಒಪ್ಪಲಿಲ್ಲ. "ನಾಲ್ಕೂವರೆ ಗುಂಟೆ ನೆಲ ಹಳ್ಳಕ್ಕೆ ಹಾಕ್ಬೇಕಾ? ಮಳೆನೇ ಬರ್ದಿದ್ರೆ ಏನ್ ತುಂಬ್ಸೋದು, ನಮ್ ಕಣ್ಣೀರಾ?" ಎಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು. ಫಾರಂ ಟ್ರಂಕಿಗೆ ಹೋಯಿತು.

ಆ ಹೊಂಡದ ಲೆಕ್ಕವನ್ನು ನಾವು ಮಾಡಿದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಮಧ್ಯಾಹ್ನ ಕ್ಯಾಲೆಂಡರಿನ ಹಿಂದೆ. ಓದುವವರಿಗೂ ಉಪಯೋಗವಾದೀತು ಎಂದು ಬರೆಯುತ್ತೇವೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಪಕ್ಕಗಳು ಇಳಿಜಾರಾಗಿ ತಳ 15 ಮೀಟರಿಗೆ ಬರುತ್ತದೆ ಎಂದುಕೊಂಡರೆ ಸುಮಾರು 9,80,000 ಲೀಟರ್ ಹಿಡಿಯುತ್ತದೆ. 5,000 ಲೀಟರ್ ಟ್ಯಾಂಕರಿನಲ್ಲಿ 196 ಲೋಡು. ಬಿಸಿಲಿಗೆ ಅರ್ಧ ಹಾರಿಹೋಯಿತು ಎಂದೇ ಇಟ್ಟುಕೊಳ್ಳಿ. ಉಳಿದದ್ದರಲ್ಲಿ 60 ತೆಂಗಿನ ಮರಕ್ಕೆ ದಿನಕ್ಕೆ 50 ಲೀಟರಿನಂತೆ ಡ್ರಿಪ್ಪಿನಲ್ಲಿ ಬಿಟ್ಟರೆ ಐದು ತಿಂಗಳು ಬರುತ್ತದೆ. ಜನವರಿಯಿಂದ ಮೇವರೆಗೆ, ಅಂದರೆ ಒಂದು ಪೂರ್ತಿ ಬೇಸಿಗೆ.

ಮಳೆ ಎಲ್ಲಿಂದ ಅಂತೀರಾ? ಒಂದು ಎಕರೆ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೂ ಅದು ಸುಮಾರು 4,000 ಲೀಟರ್ ನೀರು. ಎಲ್ಲ ಹರಿದು ಬರುವುದಿಲ್ಲ, ನೆಲ ಕುಡಿಯುತ್ತದೆ. ಐದರಲ್ಲಿ ಒಂದು ಪಾಲು ಹರಿದರೂ ನಮ್ಮ ಹೊಲದಿಂದ ಒಂದು ಮಿಲಿಮೀಟರಿಗೆ 2,800 ಲೀಟರ್. ಹೊಂಡ ತುಂಬಲು 350 ಮಿಲಿಮೀಟರ್ ಸಾಕು. ಬರಗಾಲದಲ್ಲೂ ಒಂದೆರಡು ಜೋರು ಮಳೆ ಬರುತ್ತಿದ್ದವು, ಪೂರ್ತಿ ಅಲ್ಲದಿದ್ದರೂ ಅರ್ಧ ತುಂಬುತ್ತಿತ್ತು. ಆ ನೀರೆಲ್ಲ ನಮ್ಮ ಕಣ್ಣೆದುರೇ ಕೆಂಪಗೆ ಹರಿದು ಹಳ್ಳ ಸೇರಿದೆ. ನಾವು ಜಗುಲಿ ಮೇಲೆ ಕೂತು ಹುರಿಗಡಲೆ ತಿನ್ನುತ್ತಾ ನೋಡಿದ್ದೇವೆ.

ಎರಡನೆಯ ಅವಕಾಶ ಇನ್ನೂ ಹತ್ತಿರದಿಂದ ಬಂತು. ಪಕ್ಕದ ಹೊಲ ನಮ್ಮ ಚಿಕ್ಕಪ್ಪನದು. 2009ರಲ್ಲಿ ಪಾಲಾದಾಗ ಒಂದು ಹುಣಸೆ ಮರ ಮತ್ತು ಗಾಡಿ ಜಾಡಿನ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಮಾತು ಬಂದು, ಅಲ್ಲಿಂದ ಇಬ್ಬರೂ ಮಾತು ಬಿಟ್ಟಿದ್ದರು. ಹುಣಸೆ ಮರ ಎರಡು ವರ್ಷಕ್ಕೆ ಗಾಳಿಗೆ ಬಿದ್ದು ಹೋಯಿತು, ಮಾತು ಮಾತ್ರ ಹಾಗೇ ಉಳಿಯಿತು. ಚಿಕ್ಕಪ್ಪನ ಬೋರು 700 ಅಡಿ, ಎರಡೂವರೆ ಇಂಚು ನೀರು. ನಮ್ಮ ಎರಡನೇ ಬೋರು ಫೇಲಾಗಿ ತೆಂಗಿನ ಸುಳಿ ಒಣಗತೊಡಗಿದಾಗ ಒಂದು ಸಂಜೆ ಚಿಕ್ಕಪ್ಪನ ಮಗ ಓಡಿ ಬಂದ. ಆಗ ಅವನಿಗೆ ಹತ್ತು ವರ್ಷ. ಅಂಗಳದಲ್ಲೇ ನಿಂತು ಪಾಠ ಒಪ್ಪಿಸಿದ ಹಾಗೆ ಹೇಳಿದ: "ದೊಡ್ಡಪ್ಪ, ವಾರಕ್ಕೆ ಎರಡು ರಾತ್ರಿ ನಮ್ ಬೋರ್ ನೀರು ಬಿಟ್ಕೊಳ್ಬೇಕಂತೆ. ಪೈಪ್ ನೀವೇ ಹಾಕ್ಕೊಬೇಕಂತೆ."

ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿ ನೋಡಲಿಲ್ಲ. "ನಮಗೂ ನೀರು ಬರುತ್ತೆ ಅಂತ ಹೇಳು ನಿಮ್ಮಪ್ಪಂಗೆ" ಎಂದ.

ಹುಡುಗ ಬಂದಷ್ಟೇ ಜೋರಾಗಿ ಓಡಿ ಹೋದ. ಅವನ ಬೋರಿನಿಂದ ನಮ್ಮ ಬದುವಿಗೆ 120 ಮೀಟರು. ಇಪ್ಪತ್ತು ಪೈಪು. ಎರಡು ಕರು ಮಾರಿದ್ದರೆ ಆಗುತ್ತಿತ್ತು.

ನಾವಿಬ್ಬರೂ ಅಲ್ಲೇ ಇದ್ದೆವು. ಒಬ್ಬ ಬಾಗಿಲಲ್ಲಿ, ಒಬ್ಬಳು ಒಲೆ ಮುಂದೆ. "ಅಪ್ಪ, ತಗೊಳ್ಳಣ" ಎಂಬ ಎರಡು ಮಾತು ನಮ್ಮ ಬಾಯಿಂದ ಬರಲಿಲ್ಲ. ಒಬ್ಬನಿಗೆ ಅಪ್ಪನ ಕೋಪದ ಭಯ. ಇನ್ನೊಬ್ಬಳಿಗೆ, ಹೆಣ್ಣುಹುಡುಗಿ ನಿಂಗೇನ್ ಗೊತ್ತು ಅಂತಾರೆ ಎಂಬ ಅಂಜಿಕೆ. ಅಮ್ಮ ಕೂಡ ಸುಮ್ಮನಿದ್ದಳು. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಸುಮ್ಮನಿದ್ದರೆ ಅದು ಒಪ್ಪಿಗೆ ಆಗಿಬಿಡುತ್ತದೆ.

2016ರಲ್ಲಿ ಮೂರನೇ ಬೋರು. ದುಡ್ಡಿರಲಿಲ್ಲ. ಅಟ್ಟದ ಮೇಲಿದ್ದ ಕಾಯಿ ಕೊಬ್ಬರಿ ಆಗುವವರೆಗೆ ಕಾಯದೆ ಹಾಗೇ ಮಾರಿದೆವು. ಅಮ್ಮನ ಓಲೆ ಅಡವಿಟ್ಟೆವು. ಸಾಲದ್ದಕ್ಕೆ ಮನೆ ಹಿಂದಿನ ಹಲಸಿನ ಮರ ಕಡಿಸಿದೆವು. ತಾತ ನೆಟ್ಟ ಮರ. ನಮ್ಮ ಕಡೆ ಚಂದ್ರ ಹಲಸು ಅನ್ನುತ್ತಾರಲ್ಲ, ಕೆಂಪು ತೊಳೆಯದು. ಹಣ್ಣು ಬಿಟ್ಟಾಗ ಬೀದಿಯ ಮಕ್ಕಳೆಲ್ಲ ನಮ್ಮ ಹಿತ್ತಲಲ್ಲೇ ಇರುತ್ತಿದ್ದರು. ಮರದ ವ್ಯಾಪಾರಿ ನಾಟಾ ಲೆಕ್ಕದಲ್ಲಿ 22,000 ಕೊಟ್ಟ. ಕಡಿಯುವಾಗ ಮರದ ತುಂಬ ಎಳೆ ಕಾಯಿ ಇತ್ತು. ಅಮ್ಮ ಅವನ್ನೇ ಮೂರು ದಿನ ಹುಳಿ ಮಾಡಿದಳು, ನಾವು ಉಂಡೆವು.

ಮರದ ದುಡ್ಡು 940 ಅಡಿ ಆಳದಲ್ಲಿ ಧೂಳಾಯಿತು.

ಮರುವರ್ಷ, 2017ರಲ್ಲಿ, ನಮ್ಮದೇ ತಾಲ್ಲೂಕಿನ ಚೇಳೂರಿನ ಕಡೆಯ ಒಂದು ಹಲಸಿನ ಮರ ಪೇಪರಿನಲ್ಲಿ ಬಂತು. ಸಿದ್ದು ಹಲಸು. ತಾಮ್ರದ ಬಣ್ಣದ ತೊಳೆ, ಎರಡೂವರೆ ಮೂರು ಕೆಜಿಯ ಸಣ್ಣ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಆ ರೈತ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿದರು, ಮಾರಾಟದಲ್ಲಿ ರೈತರಿಗೂ ಪಾಲು. ಆ ಮರವನ್ನೂ ಮನೆಯ ಹಿರಿಯರು ನೆಟ್ಟದ್ದೇ. ನಮ್ಮ ಮರ ಅಷ್ಟು ಒಳ್ಳೆಯದಿತ್ತೋ ಇಲ್ಲವೋ ಗೊತ್ತಿಲ್ಲ. ಬಹುಶಃ ಇರಲಿಲ್ಲ. ಆದರೆ ಕಡಿಯುವ ಮೊದಲು ಎರಡು ಕಡ್ಡಿ ತೆಗೆದು ಕಸಿ ಕಟ್ಟಿಸಬಹುದಿತ್ತು. ಐವತ್ತು ರೂಪಾಯಿಯ ಕೆಲಸ. ಹಲಸು ಬೀಜದಿಂದ ಬಂದರೆ ತಾಯಿಯ ಗುಣ ಹಾಗೇ ಬರುವುದಿಲ್ಲ, ಆ ರುಚಿ ಬೇಕಿದ್ದರೆ ಕಸಿಯೇ ಆಗಬೇಕು. ಹಾಗಾಗಿ ಮರ ಕಡಿದದ್ದು ಮಾಡಿದ ತಪ್ಪಿನ ಲೆಕ್ಕಕ್ಕೋ, ಕಸಿ ಕಟ್ಟದೆ ಬಿಟ್ಟ ಲೆಕ್ಕಕ್ಕೋ, ನಮ್ಮಿಬ್ಬರಲ್ಲಿ ಇನ್ನೂ ಒಮ್ಮತ ಇಲ್ಲ.

ನಾಲ್ಕನೆಯದು 2017ರ ಮಾರ್ಚ್. ಬೇವಿನ ಕವೆ ಹಿಡಿದು ಬಂದವರು ಚಿಕ್ಕಪ್ಪನ ಬದುವಿನಿಂದ ಹದಿನೈದು ಮಾರು ದೂರದಲ್ಲಿ ಕಲ್ಲಿಟ್ಟರು. ನಮಗೆಲ್ಲ ಗೊತ್ತಿತ್ತು ಅದು ಎಲ್ಲಿಗೆ ಹತ್ತಿರ ಎಂದು. 1,010 ಅಡಿಗೆ ನೀರು ಚಿಮ್ಮಿತು. ಕೇಕೆ ಹಾಕಿದೆವು. ಕೆಸರು ನೀರಿನಲ್ಲಿ ಅಣ್ಣ ಕುಣಿದ, ಅಮ್ಮ ಅತ್ತಳು. ಚಿಕ್ಕಪ್ಪ ಬದುವಿನ ಆ ಕಡೆ ಬಂದು ಸ್ವಲ್ಪ ಹೊತ್ತು ಕೈಕಟ್ಟಿ ನಿಂತಿದ್ದು, ಹೋದ.

ಜೂನ್ ಬರುವಷ್ಟರಲ್ಲಿ ಅವನ ಬೋರು ನಿಂತಿತು.

ನಮ್ಮಿಂದಲೇ ನಿಂತಿತು ಎಂದು ಯಾರೂ ಸಾಬೀತು ಮಾಡಲಾರರು. ನಮ್ಮ ಬಯಲು ಸೀಮೆಯ ನೆಲ ಕೆಳಗೆಲ್ಲ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಯಾವ ಬಿರುಕು ಎಲ್ಲಿಗೆ ಹೋಗುತ್ತದೆ ಎಂದು ಮೇಲಿನಿಂದ ಕಾಣುವುದಿಲ್ಲ. ಆ ವರ್ಷ ಊರಲ್ಲಿ ಬೇರೆಯವರ ಬೋರುಗಳೂ ನಿಂತಿದ್ದವು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಅವನ 40 ತೆಂಗಿನ ಮರದಲ್ಲಿ 22 ಹೋದವು. ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದ. 2020ರ ಲಾಕ್‌ಡೌನಿನಲ್ಲಿ ವಾಪಸ್ ಬಂದ. ಆ ವರ್ಷವೇ ನವೆಂಬರಿನಲ್ಲಿ ಎದೆನೋವು ಬಂದು ತೀರಿಕೊಂಡ. ಅಪ್ಪ ತಮ್ಮನ ಹೆಣಕ್ಕೆ ಹೆಗಲು ಕೊಟ್ಟ. ತಮ್ಮನ ಮನೆಯ ಹೊಸಿಲು ಮಾತ್ರ ದಾಟಲಿಲ್ಲ.

ಇದರ ನಡುವೆ ಒಂದು ಪುಸ್ತಕದ ಮಾತು. ನಮ್ಮಲ್ಲಿ ಒಬ್ಬಳು ಪತ್ರಿಕೋದ್ಯಮ ಓದುವಾಗ ಪಶ್ಚಾತ್ತಾಪದ ಬಗ್ಗೆ ನಡೆದ ಸಂಶೋಧನೆಗಳ ಮೇಲೆ ಸೆಮಿನಾರ್ ಕೊಡಬೇಕಾಯಿತು. 1982ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಷೇರು ಇಟ್ಟುಕೊಂಡ ಇಬ್ಬರ ಕಥೆ ಹೇಳಿ ಜನರನ್ನು ಕೇಳಿದ್ದರು. ಅದನ್ನು ನಮ್ಮ ಸಂತೆಗೆ ತಂದು ಹೇಳುವುದಾದರೆ ಹೀಗೆ: ಒಬ್ಬ ತನ್ನ ಎತ್ತು ಬದಲಾಯಿಸಿಕೊಂಡು ನಷ್ಟ ಮಾಡಿಕೊಂಡ, ಇನ್ನೊಬ್ಬ ಬದಲಾಯಿಸಬೇಕು ಅಂದುಕೊಂಡು ಬದಲಾಯಿಸದೆ ಅಷ್ಟೇ ನಷ್ಟ ಮಾಡಿಕೊಂಡ. ಯಾರಿಗೆ ಹೆಚ್ಚು ಸಂಕಟ? ಬದಲಾಯಿಸಿಕೊಂಡವನಿಗೆ ಎಂದರು ಹೆಚ್ಚಿನವರು. ಹತ್ತು ಹನ್ನೆರಡು ವರ್ಷದ ಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್, ವಿಕ್ಟೋರಿಯಾ ಮೆಡ್ವೆಕ್ ಎಂಬಿಬ್ಬರು ಇದಕ್ಕೆ ಇನ್ನೊಂದು ಮಗ್ಗುಲು ತೋರಿಸಿದರು. ಈಚಿನ ದಿನಗಳದ್ದು ಕೇಳಿದರೆ ಜನ ಮಾಡಿದ ತಪ್ಪನ್ನು ಹೇಳುತ್ತಾರೆ, ಇಡೀ ಬದುಕು ಹಿಂತಿರುಗಿ ನೋಡಿ ಅಂದರೆ ಮಾಡದೇ ಬಿಟ್ಟದ್ದನ್ನು ಹೇಳುತ್ತಾರೆ.

ಸೆಮಿನಾರಿನಲ್ಲಿ ಚಪ್ಪಾಳೆ ಬಂತು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ ಒಪ್ಪಲಿಲ್ಲ. "ಅವ್ರೇನ್ ಕೈಸಾಲ ಮಾಡಿದ್ರಾ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಹುರುಳಿದೆ. ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲ ಇರುವ ಮನೆಯಲ್ಲಿ ಮಾಡಿದ ತಪ್ಪು ಹಳತಾಗುವುದಿಲ್ಲ, ಪ್ರತಿ ತಿಂಗಳು ಹೊಸದಾಗಿ ಬಾಗಿಲು ತಟ್ಟುತ್ತದೆ. ನಮ್ಮ ಬೋರಿನ ಸಾಲ ತೀರಿದ್ದು 2022ರಲ್ಲಿ. ಆಮೇಲೆ ನೋಡಿ, ಅಮ್ಮನೂ ಆ ನಾಲ್ಕು ಬೋರಿನ ಬೈಗುಳ ನಿಲ್ಲಿಸಿದಳು. ಅವಳು ಈಗ ಮಾತಿಗೆ ಮುಂಚೆ ಹೇಳುವುದು ಚಿಕ್ಕಪ್ಪನ ಮಗ ಅಂಗಳಕ್ಕೆ ಬಂದು ನಿಂತ ಸಂಜೆಯನ್ನು. "ಆ ಮಗೂಗೆ ಒಂದು ಲೋಟ ಮಜ್ಜಿಗೆನೂ ಕೊಡ್ಲಿಲ್ಲ ನಾನು" ಅನ್ನುತ್ತಾಳೆ.

ಇನ್ನೊಂದನ್ನು ನಾವೇ ಕಂಡುಕೊಂಡೆವು. ಬೋರು ಫೇಲಾದವನನ್ನು ನೋಡಿ ಊರಲ್ಲಿ ಯಾರೂ ನಗುವುದಿಲ್ಲ. ಎಲ್ಲರ ಹೊಲದಲ್ಲೂ ಒಂದೆರಡು ಸತ್ತ ಬೋರು ಇವೆ. ಅಯ್ಯೋ ಪಾಪ ಅನ್ನುತ್ತಾರೆ. ಆದರೆ ಹೊಂಡ ತೋಡಿಸಿ ಅದು ಖಾಲಿ ಬಿದ್ದಿದ್ದರೆ ನಮ್ಮೂರಲ್ಲಿ ಆಗ ಅಪ್ಪನೊಬ್ಬನೇ ಹಾಗೆ ಮಾಡಿದವನಾಗುತ್ತಿದ್ದ. ನಗೆಪಾಟಲಿನ ಭಯ. 6,40,000 ಕಳೆದುಕೊಳ್ಳುವ ಭಯಕ್ಕಿಂತ ಅದು ದೊಡ್ಡದಿತ್ತು.

2024ರ ಏಪ್ರಿಲ್ ಮೊದಲ ವಾರ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ಬಿದ್ದ ಸುದ್ದಿ ಎಲ್ಲ ಟಿವಿಗಳಲ್ಲೂ. ರಾತ್ರಿಯಿಡೀ ಜೆಸಿಬಿ, ಕ್ಯಾಮೆರಾ, ಸುಮಾರು 20 ಗಂಟೆ. ಮಗು ಬದುಕಿ ಬಂತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಟಿವಿ ನೋಡಿ ಅಲ್ಲ. ನಮ್ಮ ಮೂರನೇ ಬೋರಿನ ಬಾಯಿಗೆ ಎಂಟು ವರ್ಷದಿಂದ ಗೋಣಿಚೀಲ ಮತ್ತು ಒಂದು ಚಪ್ಪಡಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೇಸಿಂಗ್ ಪೈಪನ್ನು ಕಿತ್ತು ನಾಲ್ಕನೆಯದಕ್ಕೆ ಹಾಕಿದ್ದೆವು. ಪಾಳು ಬೋರುಗಳನ್ನು ಮಣ್ಣು ಮರಳು ಕಲ್ಲಿನಿಂದ ನೆಲಮಟ್ಟದವರೆಗೆ ತುಂಬಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಾವು ಕೊರೆಸಿದ್ದು ಅದಾದ ಆರು ವರ್ಷಕ್ಕೆ. ಆ ಹೊಲದಲ್ಲಿ ಓಣಿಯ ಮಕ್ಕಳು ಅವರೆಕಾಯಿ ಕೀಳಲು ಬರುತ್ತಾರೆ, ಕುರಿಮರಿ ಮೇಯುತ್ತವೆ. ಎಂಟು ವರ್ಷ ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನವಲ್ಲ. ಬೆಳಗಾಗುವ ಮೊದಲೇ ಅಮ್ಮ ಬ್ಯಾಟರಿ ಹಿಡಿದು ಹೊರಟಳು, ಹಿಂದೆ ನಾವು. ಎರಡು ಟ್ರ್ಯಾಕ್ಟರ್ ಲೋಡು ಮಣ್ಣು, ಜಲ್ಲಿ. ಮಧ್ಯಾಹ್ನದ ಊಟಕ್ಕೆ ಮೊದಲು ಕೆಲಸ ಮುಗಿಯಿತು. ಎಂಟು ವರ್ಷ ಬಿಡುವಿಲ್ಲದೆ ಉಳಿದಿದ್ದ ಕೆಲಸ. ಓದುತ್ತಿರುವವರ ಹೊಲದಲ್ಲಿ ಅಂಥದ್ದೊಂದು ಇದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಮುಚ್ಚಿ ಬನ್ನಿ. ಉಳಿದದ್ದು ಆಮೇಲೆ ಓದಿದರಾಯಿತು.

ಮರುವಾರ ಬಂದ ಯುಗಾದಿಯ ದಿನ ಬೇವು ಬೆಲ್ಲ ತಿಂದು ಕೂತಾಗ ಅಪ್ಪನನ್ನು ಕೇಳಿಯೇ ಬಿಟ್ಟೆವು. ಇಷ್ಟು ಬೋರು ಕೊರೆಸಿದ್ದಕ್ಕೆ ನಿನಗೆ ಬೇಜಾರಿಲ್ವಾ ಎಂದು. ಹೌದು ಅನ್ನುತ್ತಾನೆ ಅಂದುಕೊಂಡಿದ್ದೆವು.

"ಬೋರಿಗೆ ನಂಗೆ ಬೇಜಾರಿಲ್ಲ ಕಣ್ರೋ" ಎಂದ. "ಕೊರೆಸ್ದೆ ಇದ್ದಿದ್ರೆ ಸಾಯೋಗಂಟ ಅಲ್ಲಿ ನೀರಿತ್ತೇನೋ, ಇಲ್ಲಿ ನೀರಿತ್ತೇನೋ ಅಂತಿರ್ತಿದ್ದೆ. ಈಗ ಇಲ್ಲ ಅಂತ ಗೊತ್ತಾಯ್ತಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. ನಾವು ಎದ್ದು ಹೋಗುವವರಿದ್ದೆವು.

"ಅವತ್ತು ಆ ಹುಡುಗ ಬಂದ್ನಲ್ಲ" ಎಂದ. "ಹಿಂದೇನೇ ಹೋಗಣ ಅಂತ ಎದ್ದಿದ್ದೆ. ಗೇಟ್‌ವರೆಗೂ ಹೋದೆ. ಅಲ್ಲಿ ಯಾರೋ ಬತ್ತಾ ಇದ್ರು, ಬೀಡಿ ಹಚ್ಕೊಂಡು ವಾಪಸ್ ಬಂದೆ."

ಒಂಬತ್ತು ವರ್ಷದಲ್ಲಿ ಈ ಮಾತು ನಮಗೆ ಗೊತ್ತಿರಲಿಲ್ಲ. ಅಪ್ಪ ಹಟಕ್ಕೆ ಹೋಗಲಿಲ್ಲ ಎಂದೇ ತಿಳಿದಿದ್ದೆವು. ಗೇಟಿನವರೆಗೆ ಹೋಗಿದ್ದ. ನಮ್ಮಲ್ಲೊಬ್ಬರು ಅವತ್ತು "ಹೋಗು" ಎಂದಿದ್ದರೆ ಹೋಗುತ್ತಿದ್ದನೇನೋ. ಇದು ನಮ್ಮ ಪಾಲಿನದು. ಅಪ್ಪನ ಮೇಲೆ ಹಾಕಿ ಆರಾಮಾಗಿದ್ದೆವು ಇಷ್ಟು ದಿನ.

ಕೃಷಿ ಭಾಗ್ಯ ನಡುವೆ ನಿಂತು 2023ರಲ್ಲಿ ಮತ್ತೆ ಶುರುವಾಗಿದೆ. ಹೊಸ ಫಾರಂ ತಂದೆವು. ಈ ಸಲ ಅಪ್ಪನೇ ಸಹಿ ಹಾಕಿದ. ಜಾಗ ನೋಡಲು ಬಂದವರು ಹೊಲದ ಮೇಲಿಂದ ಕೆಳಗೆ ನಡೆದು, ನೀರು ಹರಿದ ಗುರುತು ನೋಡಿ, ಕೆಳಗಿನ ಮೂಲೆಯಲ್ಲಿ ನಿಂತರು. "ಹೊಂಡ ಆಗ್ಬೇಕಾದ್ದು ಇಲ್ಲೇ. ಎಲ್ಲ ನೀರು ಇಲ್ಲಿಗೇ ಬರೋದು" ಎಂದರು. ಆ ಮೂಲೆಯಲ್ಲಿ ನಮ್ಮ ಕಡೆ ಇರುವುದು ಎರಡು ಗುಂಟೆ ಮಾತ್ರ. ಉಳಿದದ್ದು ಬದುವಿನ ಆಚೆ, ಚಿಕ್ಕಮ್ಮನದು. ಮೇಲ್ಗಡೆ ಬೇಕಾದರೂ ತೋಡಬಹುದು, ಆದರೆ ಅರ್ಧ ನೀರು ಸಿಗುವುದಿಲ್ಲ ಎಂದೂ ಹೇಳಿದರು.

ಚಿಕ್ಕಮ್ಮನನ್ನು ನಾವು ಹೋಗಿ ಕೇಳಬಹುದಿತ್ತು. ನಮ್ಮಿಬ್ಬರ ಜೊತೆ ಅವಳು ಮಾತಾಡುತ್ತಾಳೆ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾಳೆ. ಚಿಕ್ಕಪ್ಪನ ಮಗ ಈಗ ಡಿಪ್ಲೊಮಾ ಮುಗಿಸಿ ತುಮಕೂರಿನಲ್ಲಿ ಕೆಲಸಕ್ಕಿದ್ದಾನೆ, ಅಣ್ಣನ ಫೋನಿಗೆ ದಿನಾ ಏನಾದರೂ ಕಳಿಸುತ್ತಿರುತ್ತಾನೆ. ಆದರೂ ಇದು ನಾವು ಕೇಳುವ ಮಾತಲ್ಲ ಅನ್ನಿಸಿತು. ನಾವು ಹಾಗೆ ಅನ್ನಲೂ ಇಲ್ಲ. ಹದಿನೈದು ದಿನ ಮನೆಯಲ್ಲಿ ಹೊಂಡದ ಮಾತೇ ಬರಲಿಲ್ಲ. ಹದಿನಾರನೇ ದಿನ ಸಂಜೆ ಹಾಲು ಡೈರಿಗೆ ಹಾಕಿ ಬಂದ ಮೇಲೆ ಅಮ್ಮನೇ, ಒಲೆ ಊದುತ್ತಾ, ತಿರುಗಿ ನೋಡದೆ, "ಹೋಗಿ ಬಾ" ಎಂದಳು. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ಬೇರೆ ಶರ್ಟು ಹಾಕಿಕೊಂಡ. ಬ್ಯಾಟರಿ ತೆಗೆದುಕೊಂಡ. ಗೇಟಿನ ಹತ್ತಿರ ಒಂದು ಕ್ಷಣ ನಿಂತದ್ದು ನಮಗೆ ಕಂಡಿತು. ಅಣ್ಣ, "ಅಪ್ಪ, ನಾಯಿ ಇದೆ ಅವರ ಮನೇಲಿ, ಹುಷಾರು" ಎಂದು ಕೂಗಿದ. ಅದನ್ನಾದರೂ ಕೂಗಿದನಲ್ಲ.

ವಾಪಸ್ ಬಂದಾಗ ಎಂಟೂವರೆ.

"ಏನಂದ್ರು ಚಿಕ್ಕಮ್ಮ?"

"ಮಗನ್ನ ಕೇಳಿ ಹೇಳ್ತೀನಿ ಭಾವ ಅಂದ್ಲು." ಚಪ್ಪಲಿ ಬಿಟ್ಟು ಕಾಲಿಗೆ ನೀರು ಹಾಕಿಕೊಂಡ. "ಕಾಫಿ ಕೊಟ್ಲು."

"ಒಳಗೆ ಕೂತಿದ್ದಾ?"

"ಇಲ್ದೇನು, ಬೀದೀಲಿ ಕುಡೀಲಾ?" ಎಂದು ರೇಗಿದ. ತಟ್ಟೆ ಎಳೆದುಕೊಂಡು ಕೂತು ಎರಡು ಮುದ್ದೆ ಉಂಡ.